ಗೊತ್ತಿರುವ ಜಾಗ

ಅಪ್ಪಯ್ಯನ ನೋಟುಪುಸ್ತಕ ನನ್ನ ಕೈ ಸೇರಿದ್ದು ಅವರು ತೀರಿಕೊಂಡು ಏಳು ತಿಂಗಳಾದ ಮೇಲೆ. ಅಣ್ಣ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಣಸಿಗಡಿಯ ಪೊಟ್ಟಣದ ಜೊತೆ ಊರಿನಿಂದ ಬರುವವರ ಕೈಲಿ ಕಳಿಸಿದ್ದ. ಜೀಡಿಮೆಟ್ಲಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಎರಡು ದಿನ ಕಡಲಿನ ವಾಸನೆ.

ನಾನು ಕೋಟದ ಹತ್ತಿರದ ಕಡಲ ಬದಿಯವನು. 1999ರಲ್ಲಿ ಐಟಿಐ ಮುಗಿಸಿ ಹೈದರಾಬಾದಿಗೆ ಬಂದೆ. ಬಸ್ಸಿನ ಬೋರ್ಡಿನಲ್ಲಿ ಜೀಡಿಮೆಟ್ಲಾ ಎಂದು ಯಾರೋ ಓದಿ ಹೇಳಿದಾಗ, ತೆಲುಗಿನ ‘ಜೀಡಿಪಪ್ಪು’ ಎಂದರೆ ಗೇರುಬೀಜ ಎಂಬುದಷ್ಟೇ ಗೊತ್ತಿದ್ದ ನನಗೆ ಊರಿನ ಗೇರುಹಾಡಿ ನೆನಪಾಗಿತ್ತು. ಇಳಿದು ನೋಡಿದರೆ ಕಾರ್ಖಾನೆಗಳ ಸಾಲು, ಟ್ಯಾಂಕರು, ಔಷಧಿ ಕಂಪನಿಗಳ ಘಾಟು. ಶಾಪುರ್ ನಗರದ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದೆ. ಇವತ್ತಿಗೂ ಅಂಥದ್ದೇ ಕೆಲಸ. ಯಂತ್ರದಿಂದ ಬಂದ ಬಿಡಿಭಾಗಗಳನ್ನು ಅಳೆದು ನೋಡುವುದು.

ಅಪ್ಪಯ್ಯ ಮಲ್ಪೆಯಲ್ಲಿ ಬೋಟಿನ ತಾಂಡೇಲ. ನಾನು ಹೊರಟಾಗ ಬೇಡ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಆಮೇಲೆ ಯಾರ ಬಳಿಯೋ ‘ಅವ ಕಡ್ಲಿಗ್ ಆಪುವನಲ್ಲ’ ಎಂದಿದ್ದರಂತೆ. ಆ ಒಂದು ಮಾತನ್ನು ನಾನು ಇಪ್ಪತ್ತು ವರ್ಷ ಹೊತ್ತುಕೊಂಡು ತಿರುಗಿದೆ.

ನೋಟುಪುಸ್ತಕದ ತುಂಬ ಅಂಕಿಗಳು. ಕೆಲವು ಸಾಲುಗಳ ಪಕ್ಕ ‘ಅಂಜಲ್’, ‘ಬಂಗುಡೆ’. ಕೆಲವುದರ ಪಕ್ಕ ‘ಕಲ್ಲು’. ಮೀನಿನ ಜಾಗ ತಾಂಡೇಲನ ಗುಟ್ಟು, ಹೆಂಡತಿಗೂ ಹೇಳುವುದಿಲ್ಲ. ಬಲೆ ಹರಿಯುವ ಕಲ್ಲಿನ ಜಾಗವನ್ನು ಮಾತ್ರ ಅಪ್ಪಯ್ಯ ಬಂದರಿನಲ್ಲಿ ಕೇಳಿದವರಿಗೆಲ್ಲ ಹೇಳುತ್ತಿದ್ದರು. ಮೊದಲ ಪುಟದ ಮೊದಲ ಸಾಲಿನ ಪಕ್ಕ ಏನೂ ಇರಲಿಲ್ಲ. 13 22 76, 74 40 38 ಎಂಬ ಅಂಕಿ, ಕೆಳಗೆ 2001 ಎಂಬ ಇಸವಿ. ಅಷ್ಟೇ.

ಅದನ್ನು ಹಿಡಿದುಕೊಂಡವಳು ಮಗಳು. ಹದಿಮೂರರ ಅವಳಿಗೆ ಆಗ ಜಿಯೋಕ್ಯಾಷಿಂಗ್ ಹುಚ್ಚು. ಒಬ್ಬರು ಡಬ್ಬಿಯೊಂದನ್ನು ಎಲ್ಲೋ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಪ್ರಕಟಿಸುತ್ತಾರೆ. ಉಳಿದವರು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುತ್ತಾರೆ. ಇದಕ್ಕೊಂದು ಹುಟ್ಟುದಿನವೂ ಇದೆ. ಅಮೆರಿಕ ತನ್ನ ಜಿಪಿಎಸ್ ಸಂಕೇತವನ್ನು ಸೈನಿಕರಲ್ಲದವರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿತ್ತು, ನೂರು ಮೀಟರಿನವರೆಗೂ ತಪ್ಪು ಬರುತ್ತಿತ್ತು. 2000ದ ಮೇ 2ರಂದು ಆ ಕೆಡಿಸುವಿಕೆ ನಿಂತಿತು. ಮರುದಿನವೇ ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡೊಂದರಲ್ಲಿ ಬಕೆಟ್ಟು ಬಚ್ಚಿಟ್ಟು, ಹುಡುಕಿ ನೋಡೋಣ ಎಂದು ಅಂಕಿ ಪ್ರಕಟಿಸಿದ. ಅಪ್ಪಯ್ಯ ಕೈಯಲ್ಲಿ ಹಿಡಿಯುವ ಜಿಪಿಎಸ್ ಸೆಟ್ ಕೊಂಡದ್ದು ಅದರ ಮರುವರ್ಷ.

‘ಅಪ್ಪಾ, ಅಜ್ಜನೂ ಕ್ಯಾಷ್ ಇಟ್ಟಿದ್ದಾರೆ!’ ಎಂದು ಮಗಳು ಫೋನಿನಲ್ಲಿ ಅಂಕಿ ಒತ್ತಿದಳು. ಚುಕ್ಕಿ ಹೋಗಿ ಕೂತದ್ದು ಅರಬ್ಬೀ ಸಮುದ್ರದಲ್ಲಿ, ಮಲ್ಪೆಯಿಂದ ಪಡುವಣಕ್ಕೆ ಮೂವತ್ತು ಕಿಲೋಮೀಟರಿಗೂ ಆಚೆ. ಮುಖ ಸಪ್ಪೆಯಾಯಿತು.

ನನಗೆ ಹೊಳೆದದ್ದು ಮರುದಿನ ವರ್ಕ್‌ಶಾಪಿನಲ್ಲಿ, ಡ್ರಾಯಿಂಗಿನ ಮೇಲೆ 12 ಡಿಗ್ರಿ 30 ಮಿನಿಟು ಎಂದು ಬರೆದಿದ್ದ ಕೋನ ನೋಡುವಾಗ. ಅದು ಹನ್ನೆರಡೂವರೆ ಡಿಗ್ರಿ, 12.30 ಅಲ್ಲ. ಡಿಗ್ರಿಗೆ ಅರವತ್ತು ಮಿನಿಟು. ಅಪ್ಪಯ್ಯ ಬರೆದದ್ದು 13 ಡಿಗ್ರಿ 22.76 ಮಿನಿಟು, 74 ಡಿಗ್ರಿ 40.38 ಮಿನಿಟು. ಸಂಜೆ ಲೆಕ್ಕ ಮಾಡಿ ಒತ್ತಿದೆವು. ಚುಕ್ಕಿ ಸರಿದು ಸೇಂಟ್ ಮೇರೀಸ್ ದ್ವೀಪದ ದಡಕ್ಕೆ ಬಂದು ನಿಂತಿತು.

ಡಿಸೆಂಬರಿನಲ್ಲಿ ಹೋದೆವು. ಮಲ್ಪೆಯಿಂದ ವಾರದ ನಡುವಿನ ದಿನದ ಮೊದಲ ಬೋಟು. ಮಳೆಗಾಲದ ನಾಲ್ಕು ತಿಂಗಳು ಈ ಬೋಟುಗಳು ಹೋಗುವುದಿಲ್ಲ. ಇಳಿದಾಗ ದ್ವೀಪದಲ್ಲಿ ಹತ್ತು ಹದಿನೈದು ಜನ, ತೆಂಗಿನ ಮರಗಳ ಸದ್ದು, ಕಾಲಡಿಯಲ್ಲಿ ಮರಳಿಗಿಂತ ಹೆಚ್ಚು ಚಿಪ್ಪು. ಅಂಚಿಗೆ ಹೋದವರನ್ನು ಕಾವಲಿನವರು ಸೀಟಿ ಊದಿ ಕರೆಯುತ್ತಿದ್ದರು. ಅದು ಬಿಟ್ಟರೆ ಅಲೆಗಳ ಶಬ್ದ ಮಾತ್ರ.

ಅಲ್ಲಿನ ಕಲ್ಲುಗಳನ್ನು ಯಾರೋ ಕೆತ್ತಿ ನಿಲ್ಲಿಸಿದಂತಿವೆ. ಐದು, ಆರು, ಏಳು ಮೂಲೆಯ ಕಂಬಗಳು, ಒಂದಕ್ಕೊಂದು ಒತ್ತಿಕೊಂಡು. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಲಾವಾ. ಆರುತ್ತ ಕುಗ್ಗುವಾಗ, ಒಣಗಿದ ಕೆರೆಯ ಕೆಸರಿನ ಹಾಗೆ ಬಿರುಕು ಬಿಟ್ಟು ಕಂಬವಾದದ್ದು. ಗುರುತು ಬಿಟ್ಟು ಹೋಗುವ ಆಸೆ ಈ ಕಡಲಿಗೆ ಹೊಸದಲ್ಲ. 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ವಾಸ್ಕೋ ಡ ಗಾಮಾ ದ್ವೀಪವೊಂದರಲ್ಲಿ ಶಿಲುಬೆಯ ಕಂಬ ನೆಡಿಸಿ ಸಾಂತಾ ಮರಿಯಾ ಎಂದು ಹೆಸರಿಟ್ಟನೆಂದು ಪೋರ್ಚುಗೀಸರು ಬರೆದಿದ್ದಾರೆ. ದ್ವೀಪದ ಹೆಸರು ಅಲ್ಲಿಂದ ಬಂದದ್ದು. ಹೆಸರು ಉಳಿದಿದೆ. ಆ ಕಂಬವನ್ನು ನಾನು ಎಲ್ಲೂ ಕಾಣಲಿಲ್ಲ.

ಮಗಳು ಫೋನು ಹಿಡಿದು ಮುಂದೆ, ನಾನು ಹಿಂದೆ. ‘ಇನ್ನು ಮೂವತ್ತು ಮೀಟರು... ಇಪ್ಪತ್ತು...’ ಬೋಟಿನವರೊಬ್ಬರು ‘ಎಂತ ಕಳ್ಕಂಡ್ರಿ ಮಾರಾಯ್ರೆ?’ ಎಂದರು. ಏನು ಹೇಳುವುದು? ಹದಿನಾಲ್ಕು ಮೀಟರಿನಲ್ಲಿ ಅವಳು ನಿಂತಳು. ಅಪ್ಪಯ್ಯ ಬರೆದ ಕೊನೆಯ ಅಂಕಿ ಒಂದು ಹೆಚ್ಚುಕಮ್ಮಿಯಾದರೆ ನೆಲದ ಮೇಲೆ ಹದಿನೆಂಟು ಮೀಟರು. ಅದಕ್ಕಿಂತ ಹತ್ತಿರ ಅವರ ಅಂಕಿ ನಮ್ಮನ್ನು ಕರೆದೊಯ್ಯಲಾರದು. ಅವಳು ಕಂಬಗಳ ಸಂದಿಯಲ್ಲೆಲ್ಲ ಇಣುಕಿದಳು. ಡಬ್ಬಿಯಿಲ್ಲ, ಗುರುತಿಲ್ಲ.

ನಾನು ಮಾತ್ರ ನಿಂತುಬಿಟ್ಟಿದ್ದೆ. ಅಲ್ಲೊಂದು ಕಂಬ ಪಕ್ಕದ್ದಕ್ಕೆ ಒರಗಿತ್ತು, ಕೆಳಗೆ ಒಬ್ಬ ಹುಡುಗ ಮುದುಡಿ ಕೂರುವಷ್ಟು ನೆರಳು.

ನಾನಾಗ ಹನ್ನೊಂದರವ. ಅಪ್ಪಯ್ಯ ಇನ್ನೂ ನಾಡದೋಣಿಯಲ್ಲಿದ್ದ ಕಾಲ. ಮೊದಲ ಸಲ ಕರೆದುಕೊಂಡು ಹೋಗಿದ್ದರು. ದಡ ಮರೆಯಾಗುವ ಮೊದಲೇ ವಾಂತಿ ಶುರುವಾಯಿತು, ನಿಲ್ಲಲಿಲ್ಲ. ಬೇರೆಯವರು ನಗುತ್ತಿದ್ದರು. ಅಪ್ಪಯ್ಯ ದೋಣಿಯನ್ನು ದ್ವೀಪಕ್ಕೆ ತಿರುಗಿಸಿ, ನನ್ನನ್ನು ಎತ್ತಿ ಆ ಒರಗಿದ ಕಂಬದ ಕೆಳಗೆ ಕೂರಿಸಿದರು. ಗಂಜಿಯ ತಿಳಿ ಕುಡಿಸಿದರು. ಬಿಸಿಲು ಇಳಿಯುವವರೆಗೆ ಪಕ್ಕದಲ್ಲೇ ಕೂತಿದ್ದರು, ಒಂದು ಮಾತೂ ಆಡದೆ. ಆ ದಿನ ದೋಣಿಗೆ ಮೀನಿಲ್ಲ, ಯಾರಿಗೂ ಪಾಲಿಲ್ಲ. ನನ್ನ ನೆನಪಿನಲ್ಲಿ ಉಳಿದದ್ದು ನಗು ಮಾತ್ರ.

ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದೆ. ಮೀನಿಲ್ಲದ ಈ ಜಾಗವನ್ನು ಅಪ್ಪಯ್ಯ ಯಾಕೆ ಬರೆದಿಟ್ಟರು ಎಂದು ಕೇಳಿದೆ. ಅವನಿಗೆ ಅದರಲ್ಲಿ ವಿಶೇಷವೇ ಕಾಣಲಿಲ್ಲ. ‘ಹೊಸ ಸೆಟ್ ಸಮ ಇತ್ತಾ ಇಲ್ಯಾ ಕಾಂಬುಕೆ ಗೊತ್ತಿಪ್ಪು ಜಾಗ ಬೇಕಲ್ದಾ?’ ಎಂದ. ಸೆಟ್ ತಂದ ದಿನ ಅಪ್ಪಯ್ಯ ಅಲ್ಲಿ ಇಳಿದು ಅಂಕಿ ಬರೆದುಕೊಂಡರಂತೆ. ಆಮೇಲೆ ಯಾವಾಗ ಅನುಮಾನ ಬಂದರೂ ಅಲ್ಲಿಗೇ ಹೋಗಿ ನೋಡುತ್ತಿದ್ದರಂತೆ.

ಇದು ನನ್ನದೇ ಕೆಲಸ. ಬೆಳಿಗ್ಗೆ ಮೈಕ್ರೋಮೀಟರ್ ಕೈಗೆತ್ತಿಕೊಂಡರೆ ನಾನು ಮೊದಲು ಅಳೆಯುವುದು ಬಿಡಿಭಾಗವನ್ನಲ್ಲ, ಅಳತೆ ಗೊತ್ತಿರುವ ಉಕ್ಕಿನ ತುಂಡನ್ನು. ಅದು ಸರಿ ಬಂದರೆ ಮಾತ್ರ ಉಳಿದ ಅಳತೆಗಳನ್ನು ನಂಬಬಹುದು. ಅಪ್ಪಯ್ಯನಿಗೆ ಮಲ್ಪೆಯ ಧಕ್ಕೆ ಗೊತ್ತಿತ್ತು, ಹೊಳೆಬಾಗಿಲು ಗೊತ್ತಿತ್ತು. ಸೆಟ್ ಪರೀಕ್ಷಿಸಲು ಅಷ್ಟೇ ಸಾಕಿತ್ತು. ಆದರೂ ಕಲ್ಲಿನ ದಡಕ್ಕೆ ದೋಣಿ ತಂದು, ಇಳಿದು, ಆ ಕಂಬದ ಬಳಿ ನಿಂತರು. ಯಾಕೆ ಎಂದು ಅಣ್ಣನನ್ನು ನಾನು ಮತ್ತೆ ಕೇಳಲಿಲ್ಲ.

ಮಗಳು ಚೀಲದಿಂದ ಸಣ್ಣ ಸ್ಟೀಲ್ ಡಬ್ಬಿ ತೆಗೆದಳು. ಏನೂ ಸಿಗದಿದ್ದರೆ ತಾನೇ ಒಂದು ಇಟ್ಟು ಬರುವ ಯೋಚನೆ. ಆಮೇಲೆ ಅವಳೇ ಹಿಂಜರಿದಳು. ಡಬ್ಬಿ ಇಟ್ಟವರು ಜಾಗದವರ ಒಪ್ಪಿಗೆ ಪಡೆದಿರಬೇಕು, ಆಗಾಗ ಬಂದು ನೋಡಿಕೊಳ್ಳಬೇಕು ಎನ್ನುವುದು ಆಟದ ನಿಯಮ. ಹೈದರಾಬಾದಿನಲ್ಲಿದ್ದುಕೊಂಡು, ನಾಲ್ಕು ತಿಂಗಳು ಬೋಟೇ ಇಲ್ಲದ ದ್ವೀಪದ ಡಬ್ಬಿಯನ್ನು ನೋಡಿಕೊಳ್ಳುವವರು ಯಾರು? ಮರಳಿ ಚೀಲಕ್ಕೆ ಹಾಕಿದಳು. ನಾವಿಬ್ಬರೂ ಆ ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತೆವು. ಬೋಟಿನವರು ಕರೆದಾಗ ಎದ್ದೆವು.

ಜೀಡಿಮೆಟ್ಲಾಕ್ಕೆ ಮರಳಿದ ವಾರ ಅವಳ ಕೈಗೆ ನನ್ನ ಹಳೆಯ ಫೋನು ಬಂತು. ಭಾನುವಾರ ಬೆಳಿಗ್ಗೆ ‘ಬಾ ಅಪ್ಪ’ ಎಂದು ಎಳೆದುಕೊಂಡು ಹೋದಳು. ಹೋಗಿ ನಿಂತದ್ದು ನಮ್ಮ ವರ್ಕ್‌ಶಾಪಿನ ಗೇಟಿನ ಎದುರು. ಬಾಗಿಲು ಹಾಕಿತ್ತು, ಟ್ಯಾಂಕರುಗಳಿರಲಿಲ್ಲ. ಚಿಕ್ಕವಳಿದ್ದಾಗ ಸಂಜೆ ಅವಳು ಅಮ್ಮನ ಕೈ ಹಿಡಿದು ನನಗಾಗಿ ಕಾಯುತ್ತಿದ್ದ ಜಾಗ.

ಅಜ್ಜನ ನೋಟುಪುಸ್ತಕ ತೆಗೆದು, ಕೊನೆಯ ಪುಟದಲ್ಲಿ ಫೋನು ತೋರಿಸಿದ ಅಂಕಿ ಬರೆದುಕೊಂಡಳು. ಪಕ್ಕದಲ್ಲಿ ಏನೂ ಬರೆಯಲಿಲ್ಲ.