ಅಜ್ಜ ಹೇಳಿದ ಮಾತು

ಮಕ್ಕಳೇ, ಭಜನೆಯಲ್ಲಿ ಹಾರ್ಮೋನಿಯಂ ನೋಡಿದ್ದೀರಲ್ಲವೇ? ನಮ್ಮ ಕೆ.ಟಿ. ದೊಡ್ಡಿಯ ಅಜ್ಜ ಅದನ್ನು ಪೇಟಿ ಎನ್ನುತ್ತಾರೆ. ತಿದಿ ಒತ್ತಿದರೆ ಗಾಳಿ ನುಗ್ಗಿ, ಒಳಗಿನ ಹಿತ್ತಾಳೆಯ ನಾಲಗೆಗಳು ನಡುಗಿ ಸ್ವರ ಹೊರಡುತ್ತದೆ.

ಒಮ್ಮೆ ನಾನು ತತ್ವಪದವೊಂದರ ಧಾಟಿಯನ್ನು ಹಾಡದೆ, ಬರಿಯ ಪೇಟಿಯಲ್ಲಿ ನುಡಿಸಿದೆ. ಏಕತಾರಿ ಹಿಡಿದು ಅದೇ ಪದ ಹಾಡುತ್ತಾ ಬಂದ ಅಜ್ಜನನ್ನು “ಹೇಗಿತ್ತು?” ಎಂದು ಕೇಳಿದೆ.

“ಧಾಟಿ ಸರಿ ಅದ, ಮಾಸ್ತರೆ. ಆದ್ರ ಕೊರಳು ಜಾರತದ, ಪೇಟಿ ಜಿಗೀತದ” ಎಂದರು.

ನಿಜ. ಕೊರಳು ಜಾರುಬಂಡೆಯಂತೆ ಸ್ವರದಿಂದ ಸ್ವರಕ್ಕೆ ಇಳಿಯುತ್ತದೆ, ಪೇಟಿಯದು ಮೆಟ್ಟಿಲು. ಈ ಕೊರತೆಯೂ ಒಂದು ಕಾರಣವಾಗಿ, 1940ರಿಂದ 1971ರವರೆಗೆ ನಮ್ಮ ದೇಶದ ರೇಡಿಯೋ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತು. ಅದು ಅತಿಯಾಯಿತೆಂದೇ ನನ್ನ ಅನಿಸಿಕೆ.

ಒಂದು ವಾದ್ಯದ ಸಂಗೀತವನ್ನು ಇನ್ನೊಂದಕ್ಕೆ ತರುವಾಗ ಯುರೋಪಿನಲ್ಲೂ ಇಂಥದೇ ಪೇಚು. ಜರ್ಮನಿಯ ಬಾಖ್ (1685–1750) ಆರ್ಗನ್ ಎಂಬ ದೊಡ್ಡ ಕೊಳವೆವಾದ್ಯಕ್ಕೆ ಬರೆದುದನ್ನು ಲಿಸ್ಟ್ ಎಂಬವರು ಪಿಯಾನೋಗೆ ಹೊಂದಿಸಿದರು. ಆರ್ಗನ್‌ನಲ್ಲಿ ಬೆರಳು ಒತ್ತಿರುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ಪಿಯಾನೋದಲ್ಲಿ ತಂತಿಗೆ ಏಟು ಬಿದ್ದೊಡನೆ ಸ್ವರ ಕರಗತೊಡಗುತ್ತದೆ.

ನಾನು ತಿದಿಯನ್ನು ಮೆಲ್ಲಗೆ ಒತ್ತುತ್ತಾ, ಒಂದು ಬೆರಳು ಎತ್ತುವ ಮೊದಲೇ ಮುಂದಿನ ಪಟ್ಟಿ ಮುಟ್ಟಿ ಮತ್ತೆ ನುಡಿಸಿದೆ. ಅಜ್ಜ ಈ ಸಲ ಏನೂ ಹೇಳಲಿಲ್ಲ. ಏಕತಾರಿ ಕೈಗೆತ್ತಿಕೊಂಡು ಜೊತೆಗೆ ಮೀಟಿದರು.