ಕೇಶವೂ ಕಾವ್ಯವೂ

ಕವಿಯಾಗಬೇಕೆಂದು ಹಂಬಲಿಸುವ ತರುಣನು ಮೊಟ್ಟಮೊದಲು ತೊರೆಯುವುದು ಕ್ಷೌರಿಕನ ಸಹವಾಸವನ್ನು. ಕವಿತೆಯಾದರೋ ಬಂದರೆ ಬಂದೀತು, ಬಾರದೆಯೂ ಹೋದೀತು. ಕೂದಲು ಹಾಗಲ್ಲ. ಪ್ರತಿಭೆಯನ್ನು ಬೇಡದೆ, ಸಂಪಾದಕರ ಅಪ್ಪಣೆಯನ್ನು ಕಾಯದೆ, ತಿಂಗಳಿಗೆ ಅರ್ಧ ಅಂಗುಲದಂತೆ ತನ್ನಷ್ಟಕ್ಕೆ ತಾನು ಬೆಳೆಯುತ್ತದೆ. "ಇದೇನೋ ನಿನ್ನ ಅವತಾರ? ಕೂದಲು ಬಿಟ್ಟವರೆಲ್ಲ ರವೀಂದ್ರರಾಗುವರೇನು?" ಎಂದು ಮನೆಯ ಹಿರಿಯರು ಗದರುತ್ತಾರೆ. ಮಾತು ನಿಜವೆ. ಆದರೆ ಪೂರ್ತಿ ನಿಜವಲ್ಲ. ಬರೆಯದ ಪುಸ್ತಕವನ್ನು ಯಾರಿಗೂ ತೋರಿಸಲಾಗದು; ಬರೆದೇನೆಂಬ ಆಸೆಯನ್ನು ಮಾತ್ರ ತಲೆಯ ಮೇಲೆ ಹೊತ್ತು ಬೀದಿಯಲ್ಲಿ ತಿರುಗಬಹುದು. ಅದನ್ನು ದೂರದಿಂದ ಗುರುತಿಸಿ, ಅದೇ ಆಸೆಯ ಇನ್ನೊಬ್ಬನು ಹತ್ತಿರ ಬರುತ್ತಾನೆ. ಒಂಟಿ ಹುಚ್ಚು ಇಬ್ಬರ ಪಾಲಾದಾಗ ಅದಕ್ಕೊಂದು ಧೈರ್ಯ ಬರುತ್ತದೆ. ಈ ಸಂಗತಿಯನ್ನು 1830ರ ಪ್ಯಾರಿಸ್ಸಿನ ಕೆಲವು ಹುಡುಗರಷ್ಟು ಚೆನ್ನಾಗಿ ತೋರಿಸಿಕೊಟ್ಟವರು ವಿರಳ.

ಆ ವರ್ಷದ ಫೆಬ್ರವರಿ 25ರಂದು ವಿಕ್ಟರ್ ಹ್ಯೂಗೊನ 'ಎರ್ನಾನಿ' ನಾಟಕದ ಮೊದಲ ಪ್ರದರ್ಶನ. ಹಳೆಯ ಪದ್ಧತಿಯ ಪಂಡಿತರು ನಾಟಕವನ್ನು ಕೂಗಿ ಕೆಡಿಸುವರೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಹಣ ಕೊಟ್ಟು ಚಪ್ಪಾಳೆ ತಟ್ಟಿಸುವ ರೂಢಿ ಅಲ್ಲಿತ್ತು. ಹ್ಯೂಗೊ ಅದನ್ನು ಒಲ್ಲದೆ ತರುಣ ಕವಿಗಳನ್ನೂ ಚಿತ್ರಕಾರರನ್ನೂ ನೆಚ್ಚಿದ. ಸ್ಪ್ಯಾನಿಷ್ ಭಾಷೆಯಲ್ಲಿ 'ಕಬ್ಬಿಣ' ಎಂದು ಅರ್ಥವಾಗುವ ಮಾತೊಂದನ್ನು ಮುದ್ರಿಸಿದ ಕೆಂಪು ಚೀಟಿಗಳು ಕೈಯಿಂದ ಕೈಗೆ ಹೋದುವು. ಅವನ್ನು ಹಂಚಿದವರಲ್ಲಿ ಜೆರಾರ್ ದ ನೆರ್ವಾಲ್ ಒಬ್ಬ. 19 ವರ್ಷಕ್ಕೇ ಗಯಟೆಯ 'ಫೌಸ್ಟ್' ನಾಟಕವನ್ನು ಫ್ರೆಂಚಿಗೆ ತಂದು ಹೆಸರಾದವನು. ಚೀಟಿ ಪಡೆದವರಲ್ಲಿ ಥಿಯೋಫಿಲ್ ಗೋತಿಯೆ ಒಬ್ಬ. ಇನ್ನೂ 18ರ ಹುಡುಗ, ಚಿತ್ರಕಲೆಯ ವಿದ್ಯಾರ್ಥಿ. ಪ್ರಕಟವಾದ ಪುಸ್ತಕ ಒಂದೂ ಇಲ್ಲ. ಇದ್ದದ್ದು ಭುಜದವರೆಗೆ ಇಳಿದ ಕೂದಲು, ಮತ್ತು ಆ ಸಂಜೆಗಾಗಿಯೇ ಹೊಲಿಸಿದ ಕೆಂಪು ಸ್ಯಾಟಿನ್ನಿನ ಒಂದು ಒಳಯಂಗಿ.

ಸಭ್ಯ ಗೃಹಸ್ಥರು ಕಪ್ಪು ಬಟ್ಟೆ ತೊಟ್ಟು ಮುಖ ನುಣ್ಣಗೆ ಬೋಳಿಸುತ್ತಿದ್ದ ಕಾಲ. ಇಡೀ ಫ್ರಾನ್ಸಿನಲ್ಲಿ ಆಗ ನಿಜವಾದ ಗಡ್ಡಗಳು ಎರಡೇ ಇದ್ದುವೆಂದು ಗೋತಿಯೆ ಮುಂದೆ ಬರೆದಿದ್ದಾನೆ. ಲೆಕ್ಕದಲ್ಲಿ ಕವಿಯ ಕೈವಾಡ ಉಂಟೆನ್ನಿ! ಈ ಜಟಾಧಾರಿಗಳ ದಂಡು ಮಧ್ಯಾಹ್ನವೇ ನಾಟಕಶಾಲೆಯನ್ನು ಹೊಕ್ಕು, ಅರೆಗತ್ತಲೆಯಲ್ಲಿ ತಾಸುಗಟ್ಟಲೆ ಕುಳಿತು, ಕಟ್ಟಿಕೊಂಡು ಬಂದ ಬುತ್ತಿಯನ್ನು ಅಲ್ಲಿಯೇ ತಿಂದಿತು. ಸಂಜೆ ಪಂಡಿತರು ಬಂದು ಮೇಲಿನ ಆಸನಗಳಲ್ಲಿ ಕುಳಿತಾಗ ದೀಪದ ಬೆಳಕು ಅವರ ಬೋಳುತಲೆಗಳ ಮೇಲೆ ಹೊಳೆಯಿತು. ಆ 'ಮೊಣಕಾಲು'ಗಳನ್ನೆಲ್ಲ ಗಿಲೊಟಿನ್ನಿಗೆ ಒಪ್ಪಿಸಿರೆಂದು ಕೆಳಗಿನಿಂದ ಒಬ್ಬ ಕೂಗಿದನೆಂದು ಹೇಳುವುದುಂಟು. ತೆರೆಯೆದ್ದು ಮೊದಲ ಮಾತು ಮುಗಿಯುವ ಮುನ್ನವೇ ಗದ್ದಲ ಎದ್ದಿತು. ಹ್ಯೂಗೊನ ಅಪರಾಧವೇನು? ಒಂದು ಸಾಲಿನ ಕೊನೆಗೆ ನಿಲ್ಲಬೇಕಾದ ಮಾತನ್ನು ಮುಂದಿನ ಸಾಲಿಗೆ ಹರಿಸಿದ್ದು. ಪಂಪನನ್ನು ಓದಿದ ಕನ್ನಡಿಗನಿಗೆ ಇದಕ್ಕಾಗಿ ಜಗಳವೇ ಎಂದು ನಗು ಬಂದೀತು. ಪದವು ಪಾದವನ್ನು ದಾಟಿ ಹರಿಯುವುದೂ ಯತಿಯನ್ನು ಮೀರುವುದೂ ಈ ಭಾಷೆಗೆ ಸಾವಿರ ವರ್ಷದ ಅಭ್ಯಾಸ.

ನಾಟಕ ಗೆದ್ದಿತು. ಆದರೆ ಈ ಹುಡುಗರ ಜೀವನದಲ್ಲಿ ಆ ಗದ್ದಲಕ್ಕಿಂತ ದೊಡ್ಡದು ಬೇರೊಂದು ಇತ್ತು. ಶಿಲ್ಪಿ ಜೆಹಾನ್ ದ್ಯು ಸೆನ್ಯೋರನ ಕೆಲಸದ ಕೋಣೆಯಲ್ಲಿ ಅವರು ಸೇರುತ್ತಿದ್ದರು. ಕೂರಲು ಸಾಕಷ್ಟು ಕುರ್ಚಿಗಳಿರಲಿಲ್ಲ. ಗೋಡೆಯ ಮೇಲೆ ಆ ಶಿಲ್ಪಿ ಗೆಳೆಯರ ಮುಖಗಳನ್ನೇ ಬಿಲ್ಲೆಗಳಲ್ಲಿ ಕಡೆದು ತೂಗಹಾಕಿದ್ದ. ಲೋಕ ಇನ್ನೂ ಗುರುತಿಸದ ಕವಿಗಳಿಗೆ ಗೆಳೆಯನೇ ಮುಂಗಡವಾಗಿ ಕೊಟ್ಟ ಕೀರ್ತಿ! ತಾಯ್ತಂದೆ ಇಟ್ಟ ಹೆಸರೂ ಅವರಿಗೆ ರುಚಿಸಲಿಲ್ಲ. ಶಿಲ್ಪಿಯು 'ಜಾನ್' ಎಂಬುದನ್ನು 'ಜೆಹಾನ್' ಎಂದು ಹಳಬನ್ನಾಗಿ ಮಾಡಿಕೊಂಡ. ಓಗುಸ್ತ್ ಮಾಕೆ 'ಮಾಕ್‌ಕೀಟ್' ಆದ. ಥಿಯೋಫಿಲ್ ದೊಂದೆ ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದಾಗಿ ಜೋಡಿಸಿ 'ಫಿಲೊತೆ ಓನೆಡಿ' ಆದ. ಕಾವ್ಯನಾಮದ ಮೋಹವನ್ನು ಬಲ್ಲ ಕನ್ನಡ ಓದುಗರು ಇದಕ್ಕೆ ಬೆರಗಾಗಲಾರರು. ಅಲ್ಲಿ ಒಬ್ಬರು ಓದುವರು, ಉಳಿದವರು ಕೇಳುವರು, ಮೆಚ್ಚುವರು. ಮೆಚ್ಚುಗೆ ಅತಿಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಪ್ಪತ್ತರ ಪ್ರಾಯದಲ್ಲಿ ಹಸಿದವನಿಗೆ ಅಳೆದು ಬಡಿಸುವವನು ಎಂಥ ಗೆಳೆಯ?

ಈ ದೊಂದೆ ವಿಪರೀತ ಸಮೀಪದೃಷ್ಟಿಯವನು. ಮಲಗುವಾಗಲೂ ಕನ್ನಡಕ ತೆಗೆಯುತ್ತಿರಲಿಲ್ಲವಂತೆ. ಅದಿಲ್ಲದಿದ್ದರೆ ಕನಸುಗಳು ಸ್ಪಷ್ಟವಾಗಿ ಕಾಣವೆಂಬುದು ಅವನು ಕೊಟ್ಟ ಕಾರಣವೆಂದು ಗೋತಿಯೆ ನೆನೆಯುತ್ತಾನೆ.

ಕೂಟ ಬಹಳ ವರ್ಷ ನಿಲ್ಲಲಿಲ್ಲ. ಗೋತಿಯೆಯ ಮೊದಲ ಕವನ ಸಂಗ್ರಹ 1830ರ ಜುಲೈ 28ರಂದು, ಬೀದಿಬೀದಿಯಲ್ಲಿ ಕ್ರಾಂತಿ ನಡೆಯುತ್ತಿದ್ದ ದಿನ, ಹೊರಬಂದಿತು. ಗುಂಡು ಹಾರುವಾಗ ಕವಿತೆ ಕೊಳ್ಳುವವರಾರು? 1833ರಲ್ಲಿ ಅವನೇ ತನ್ನ ಗುಂಪಿನ ವೇಷವನ್ನು ಗೇಲಿ ಮಾಡಿ ಕಥೆಗಳನ್ನು ಬರೆದ. 1836ರಿಂದ ಪತ್ರಿಕೆಯ ನೊಗಕ್ಕೆ ಹೆಗಲು ಕೊಟ್ಟು, ಸಂಸಾರ ಸಾಗಿಸಲು ಕೊನೆಯವರೆಗೂ ನಾಟಕ ವಿಮರ್ಶೆಗಳನ್ನು ಬರೆಯುತ್ತ ಹೋದ. ಕಾಳಿದಾಸನ ಶಕುಂತಲೆಯನ್ನು ನೃತ್ಯರೂಪಕವಾಗಿ ಹೊಂದಿಸಿ 1858ರಲ್ಲಿ ಪ್ಯಾರಿಸ್ಸಿನ ರಂಗಕ್ಕೆ ತಂದವನೂ ಅವನೇ. ಅದಕ್ಕೆ ಮೊದಲು, 1850ರಲ್ಲಿ, ನೆರ್ವಾಲ್ ಇನ್ನೊಬ್ಬನೊಡಗೂಡಿ ಶೂದ್ರಕನ 'ಮೃಚ್ಛಕಟಿಕ'ವನ್ನು ಫ್ರೆಂಚ್ ರಂಗಕ್ಕೆ ತಂದಿದ್ದ. ಪಾಪ, ಚಿತ್ತಭ್ರಮೆಯಿಂದ ಬಳಲಿ, 1855ರ ಜನವರಿಯ ಚಳಿಯಲ್ಲಿ ಪ್ಯಾರಿಸ್ಸಿನ ಕಿರುಗಲ್ಲಿಯೊಂದರಲ್ಲಿ ಅವನು ಅಸುನೀಗಿದ. ಆ ಎರಡು ಗಡ್ಡಗಳಲ್ಲಿ ಒಂದರ ಒಡೆಯನಾದ ಪೆತ್ರುಸ್ ಬೊರೆಲ್ ಅಲ್ಜೀರಿಯದಲ್ಲಿ ಸರಕಾರಿ ಚಾಕರಿ ಹಿಡಿದು 1859ರಲ್ಲಿ ಅಲ್ಲಿಯೇ ತೀರಿಕೊಂಡ. ತಲೆಗೆ ಟೋಪಿ ಇಡಲೊಪ್ಪದೆ ಬಿಸಿಲಿಗೆ ಬಲಿಯಾದನೆಂಬ ಪ್ರತೀತಿ ಉಂಟು. ಮಾಕೆ, ಡ್ಯೂಮಾನ ಜೊತೆಯಲ್ಲಿ 'ಮೂವರು ಮಸ್ಕೆಟಿಯರರು' ಮೊದಲಾದ ಕಾದಂಬರಿಗಳಿಗೆ ದುಡಿದ. ಹೆಸರು ಬದಲಿಸಿಕೊಂಡವನ ಯಾವ ಹೆಸರೂ ಅವುಗಳ ಮುಖಪುಟದಲ್ಲಿ ಬರಲಿಲ್ಲ.

ಕೆಂಪು ಅಂಗಿಯನ್ನು ಗೋತಿಯೆ ತೊಟ್ಟದ್ದು ಒಂದೇ ದಿನ. ಜನ ಅವನನ್ನು ನೆನೆದದ್ದು ಜೀವನಪೂರ್ತಿ ಅದರಿಂದಲೇ. ಅವನಿಗೆ ಇದು ಬೇಸರವೂ ಹೌದು, ಒಳಗೊಳಗೇ ಹೆಮ್ಮೆಯೂ ಹೌದು. 1872ರಲ್ಲಿ, ಬೇನೆಯಿಂದ ನರಳುತ್ತಿದ್ದಾಗಲೂ ಅವನು ಬರೆಯುತ್ತಿದ್ದುದು ಆ ಗೆಳೆಯರ ಕಥೆಯನ್ನೇ. ಅದು ಮುಗಿಯುವ ಮುನ್ನ ಅಕ್ಟೋಬರಿನಲ್ಲಿ ಅವನೇ ಮುಗಿದ.

ಇನ್ನು ಕನ್ನಡಕದ ದೊಂದೆ. 1832ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆಯ ಭಾರ ಅವನ ಮೇಲೆ ಬಿದ್ದಿತು. 1833ರಲ್ಲಿ ಒಂದು ಕವನ ಸಂಗ್ರಹವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ, ಯಾರೂ ಕೇಳಲಿಲ್ಲ. ಹಣಕಾಸಿನ ಇಲಾಖೆಯಲ್ಲಿ ಗುಮಾಸ್ತನಾಗಿ, ದಿನವೂ ಕಡತಗಳನ್ನು ತಿರುವುತ್ತ, ಸಾಹಿತ್ಯಲೋಕದ ಕಣ್ಣಿಗೆ ಅವನು ಬಹುಮಟ್ಟಿಗೆ ಮರೆಯಾಗಿಹೋದ. ಹಳೆಯ ಗುಂಪಿನಲ್ಲಿ ಸೋತವನು ಯಾರೆಂದು ಕೇಳಿದ್ದರೆ ಎಲ್ಲರೂ ಅವನತ್ತ ಬೆರಳು ತೋರಿಸಬಹುದಾಗಿತ್ತು. 1875ರಲ್ಲಿ ಅವನೂ ತೀರಿಕೊಂಡ. ಆಮೇಲೆ ಸ್ನೇಹಿತನೊಬ್ಬ ಅವನ ಕಾಗದಪತ್ರಗಳನ್ನು ಬಿಚ್ಚಿ ನೋಡಿದರೆ, ಒಳಗೆ ಕವಿತೆಗಳಿದ್ದುವು. ಓದಿ ಹೇಳಲು ಕೂಟವಿಲ್ಲದ ಆ ವರ್ಷಗಳಲ್ಲೆಲ್ಲ ಅವನು ಬರೆಯುತ್ತಲೇ ಇದ್ದ. 1877ರಲ್ಲಿ ಅವು ಪುಸ್ತಕವಾಗಿ ಹೊರಬಂದುವು. ಮುಖಪುಟದ ಮೇಲೆ ಇದ್ದದ್ದು ಹುಡುಗುತನದ ಹೆಸರೇ, ಫಿಲೊತೆ ಓನೆಡಿ.