ಮಗ ಆಮೆನ್ ಅನ್ನಲಿಲ್ಲ

ನಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಿಂತುಹೋದದ್ದು ನನ್ನಿಂದ. ಸಭೆಯಲ್ಲಿ ಯಾರಾದರೂ ಕೇಳಿದರೆ ಗಂಡನ ಕೆಲಸ, ಮಕ್ಕಳ ಟ್ಯೂಷನ್, ಮೊಬೈಲು ಎಂದು ಏನೋ ಒಂದು ಹೇಳಿ ಮುಂದೆ ಸರಿಯುತ್ತಿದ್ದೆ. ನನ್ನ ಪ್ರಾರ್ಥನೆಯನ್ನು ಕೇಳಲಾರದೆ ಮನೆಯವರು ಒಬ್ಬೊಬ್ಬರಾಗಿ ದೂರವಾದರು ಎಂದು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಇನ್ನೊಬ್ಬ ತಾಯಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ನಮ್ಮಂಥ ಮನೆತನಗಳಿಗೆ ಸಂಜೆಯ ಪ್ರಾರ್ಥನೆ ಬಂದದ್ದು ಆ ದಾರಿಯಲ್ಲೇ. ಕತ್ತಲಾದ ಮೇಲೆ ಅಪ್ಪ ಮಗ್ಗ ನಿಲ್ಲಿಸಿ ಕೈಕಾಲು ತೊಳೆದು ಬರುವುದು, ಅವ್ವ ಚಾಪೆ ಹಾಸುವುದು, ಒಂದು ಗೀತೆ, ಒಂದು ಅಧ್ಯಾಯ, ಕೊನೆಗೆ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ. ಬೀಗರು ಬಂದಿದ್ದರೂ ಅದು ತಪ್ಪುತ್ತಿರಲಿಲ್ಲ. ಮದುವೆಯಾಗಿ ಧಾರವಾಡಕ್ಕೆ ಬಂದಾಗ ಅದೇ ಪದ್ಧತಿ ನನ್ನ ಮನೆಯಲ್ಲೂ ತಾನಾಗಿ ನಡೆಯುತ್ತದೆ ಎಂದುಕೊಂಡಿದ್ದೆ.

ನಡೆಯಲಿಲ್ಲ. ಗಂಡ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ, ನಾನು ಶಾಲೆಗೆ, ಮಕ್ಕಳು ತಮ್ಮ ತಮ್ಮ ಕ್ಲಾಸಿಗೆ. ಬೆಳಿಗ್ಗೆ ಎದ್ದರೆ ಗಾಡಿಯ ಕೀಲಿ ಸಿಗುತ್ತಿರಲಿಲ್ಲ. ರಾತ್ರಿಯ ಮುಸುರೆ ಪಾತ್ರೆ ಸಿಂಕಿನಲ್ಲೇ ಇರುತ್ತಿದ್ದವು. ಒಗೆದ ಬಟ್ಟೆ ಮಡಿಕೆಯಾಗದೆ ಮಂಚದ ಮೇಲೆ ಗುಡ್ಡೆ ಬಿದ್ದು, ಮಲಗುವ ಹೊತ್ತಿಗೆ ಕುರ್ಚಿಗೆ, ಬೆಳಿಗ್ಗೆ ಮತ್ತೆ ಮಂಚಕ್ಕೆ ಹೋಗುತ್ತಿತ್ತು. ಕರೆಂಟ್ ಬಿಲ್ಲಿನ ದಿನ ದಾಟಿ ಹೋಗುತ್ತಿತ್ತು. ಭಾನುವಾರ ಆರಾಧನೆಗೆ ಹೊರಡುವಾಗ ಒಬ್ಬರಿಗೆ ಇಸ್ತ್ರಿಯಾಗದ ಅಂಗಿ, ಇನ್ನೊಬ್ಬರಿಗೆ ಒಂಟಿ ಸಾಕ್ಸು. ಜಗಳವಾಡುತ್ತಲೇ ಗುಡಿ ತಲುಪಿ, ಮೊದಲ ಗೀತೆ ಮುಗಿದ ಮೇಲೆ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆವು. ಮನೆಗೆ ಶಿಸ್ತು ಬೇಕಿತ್ತು ಎಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಆ ದಿನಗಳಲ್ಲಿ ಸಭೆಯ ಹೆಂಗಸರ ಕೂಟದಲ್ಲಿ ಸುಸಾನ್ನಾ ವೆಸ್ಲಿಯ ಬಗ್ಗೆ ಒಬ್ಬರು ಮಾತಾಡಿದರು. ಇಂಗ್ಲೆಂಡಿನ ಎಪ್ವರ್ತ್ ಎಂಬ ಊರಿನ ಪಾದ್ರಿಯ ಹೆಂಡತಿ, ಮೆಥಡಿಸ್ಟ್ ಚಳವಳಿಗೆ ಕಾರಣರಾದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯವರ ತಾಯಿ. ಹೆತ್ತದ್ದು 19 ಮಕ್ಕಳನ್ನು. ಎಷ್ಟೋ ಮಕ್ಕಳು ಕೂಸಿದ್ದಾಗಲೇ ತೀರಿಕೊಂಡವು. ಸಾಲ, ಕಾಯಿಲೆ, ಸುಟ್ಟ ಮನೆ, ಇಷ್ಟರ ನಡುವೆಯೂ ದಿನಕ್ಕೆ ಆರು ತಾಸು ಮಕ್ಕಳನ್ನು ಮನೆಯಲ್ಲೇ ಕೂರಿಸಿ ಕಲಿಸಿದವಳು. ಅಳುವುದಾದರೂ ಮಕ್ಕಳು ಮೆಲ್ಲಗೆ ಅಳಬೇಕೆಂಬ ಮನೆ ಅದು. ಕೇಳುತ್ತಾ ಕೂತಿದ್ದ ನನಗೆ ನಾಚಿಕೆಯೂ ಆಯಿತು, ಹುರುಪೂ ಬಂತು. ಅಷ್ಟು ಮಕ್ಕಳನ್ನು ಅವಳು ಸಂಭಾಳಿಸಿದಳು, ನನಗೆ ಇರುವವರು ಇಬ್ಬರೇ.

ಮನೆಗೆ ಬಂದು ವೇಳಾಪಟ್ಟಿ ಬರೆದೆ. ಏಳುವ ಹೊತ್ತು, ಹಾಸಿಗೆ ಮಡಚುವ ಹೊತ್ತು, ಮೊಬೈಲು ಕಪಾಟಿಗೆ ಸೇರುವ ಹೊತ್ತು, ಪ್ರಾರ್ಥನೆಯ ಹೊತ್ತು, ಯಾವ ಕೆಲಸ ಯಾರದು ಎಂಬುದು, ಎಲ್ಲವೂ ಅದರಲ್ಲಿತ್ತು. ಮೇಲುಗಡೆ, ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಿಂದ, ಎಲ್ಲವೂ ಕ್ರಮವಾಗಿ ನಡೆಯಲಿ ಎಂಬ ಕೊನೆಯ ವಚನವನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಮೊದಮೊದಲು ಚೆನ್ನಾಗಿಯೇ ನಡೆಯಿತು. ಪಾತ್ರೆ ತೊಳೆದಿರುತ್ತಿದ್ದವು, ಕೀಲಿ ಮೊಳೆಗೆ ತೂಗುತ್ತಿತ್ತು. ಮನೆಗೆ ಬಂದವರು ಹೊಗಳಿದಾಗ, ದೇವರ ವಾಕ್ಯದಂತೆ ಮನೆ ನಡೆಸುತ್ತಿದ್ದೇನೆ ಎಂಬ ಹೆಮ್ಮೆ ನನ್ನಲ್ಲಿ ಬೆಳೆಯಿತು.

ನಾನು ಕೆಟ್ಟದ್ದು ಆ ಹೆಮ್ಮೆಯಿಂದಲೇ. ಪಟ್ಟಿಯಲ್ಲಿ ಒಂದು ತಪ್ಪಿದರೂ ಅದು ನನಗೆ ದೇವರಿಗೆ ಎದುರು ನಿಂತಂತೆ ಕಾಣತೊಡಗಿತು. ಹಗಲೆಲ್ಲ ಬೈಯುತ್ತಿದ್ದೆ. ಅದು ಸಾಲದೆ ಸಂಜೆ ಪ್ರಾರ್ಥನೆಯಲ್ಲಿ ಅದನ್ನೇ ಮತ್ತೆ ಎತ್ತುತ್ತಿದ್ದೆ. ಕರ್ತನೇ, ಈ ಮನೆಯಲ್ಲಿ ಒಬ್ಬನಿಗೆ ತಾಯಿಯ ಕಷ್ಟ ಕಾಣುವುದಿಲ್ಲ, ಅವನ ಕಣ್ಣು ತೆರೆ. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುವವರಿಗೆ ಒಳ್ಳೆಯ ಬುದ್ಧಿ ಕೊಡು. ಮನೆಗಿಂತ ಗೆಳೆಯರು ಹೆಚ್ಚಾದವರನ್ನು ತಿದ್ದು. ನಾವು ಆಡುವುದು ಧಾರವಾಡದ ಕನ್ನಡ, ಆದರೆ ಪ್ರಾರ್ಥನೆಗೆ ಕೂತರೆ ಬೈಬಲಿನ ಕನ್ನಡ ಬಾಯಿಗೆ ಬರುತ್ತದೆ. ನನ್ನ ಸಿಟ್ಟು ಆ ಗಂಭೀರ ಮಾತಿನ ಸೆರಗು ಹೊದ್ದುಕೊಂಡು ಬರುತ್ತಿದ್ದರಿಂದ ಅದು ಸಿಟ್ಟು ಎಂದು ನನಗೇ ತಿಳಿಯುತ್ತಿರಲಿಲ್ಲ. ಕೇಳುವವರಿಗೆ ತಿಳಿಯುತ್ತಿತ್ತು. ಬೈದರೆ ತಿರುಗಿ ಮಾತಾಡಬಹುದು. ಪ್ರಾರ್ಥನೆಗೆ ಯಾರು ತಿರುಗಿ ಮಾತಾಡುತ್ತಾರೆ?

ಗಂಡ ತಡವಾಗಿ ಬರಲು ಶುರುಮಾಡಿದರು. ಕೆಲಸ ಹೆಚ್ಚಿದೆ ಎಂದುಕೊಂಡಿದ್ದೆ. ಚಿಗರಿ ಬಸ್ಸು ಇಳಿದು ಟೋಲ್ ನಾಕಾದಲ್ಲಿ ಚಹಾ ಕುಡಿಯುತ್ತಾ, ಪ್ರಾರ್ಥನೆಯ ಹೊತ್ತು ದಾಟಲಿ ಎಂದು ಕೂತಿರುತ್ತಿದ್ದರಂತೆ. ಮಗಳು ತಲೆನೋವು ಎನ್ನುತ್ತಿದ್ದಳು. ಆಗ ಪಿಯುಸಿ ಮೊದಲ ವರ್ಷದಲ್ಲಿದ್ದ ಮಗ ಮಾತ್ರ ಬಂದು ಕೂರುತ್ತಿದ್ದ. ಒಂದು ಸಂಜೆ ನಾನು ಪ್ರಾರ್ಥನೆ ಮುಗಿಸಿದಾಗ ಅವನಿಂದ ಆಮೆನ್ ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಅವನು ನನ್ನನ್ನೇ ನೋಡುತ್ತಿದ್ದ.

‘ಅವ್ವಾ, ನೀ ದೇವರ ಜೋಡಿ ಮಾತಾಡಾಕತ್ತಿಲ್ಲ. ನನ್ನ ಜೋಡಿ ಮಾತಾಡಾಕತ್ತಿ. ನನಗ ಹೇಳೂದಿದ್ರ ನನಗ ಹೇಳು, ಕಣ್ಣು ತೆರದು ಹೇಳು.’

ಅಂದು ಅವನಿಗೆ ಹೊಡೆದೆ. ಎದೆಯುದ್ದ ಬೆಳೆದ ಮಗನಿಗೆ, ಬೈಬಲ್ ಮುಂದಿಟ್ಟುಕೊಂಡು. ಅವನು ಎದ್ದು ಕೋಣೆಗೆ ಹೋದ. ರಾತ್ರಿ ಗಂಡನಿಗೆ ಹೇಳಿದರೆ, ‘ನಿನ್ನ ಸಿಟ್ಟು ನನಗ ಗೊತ್ತಾಗ್ತೈತಿ, ಆದ್ರ ಅವಾ ಹೇಳಿದ್ದು ಖರೇ ಐತಿ’ ಎಂದರು. ಮರುದಿನದಿಂದ ಪ್ರಾರ್ಥನೆಗೆ ನಾನೂ ಕರೆಯಲಿಲ್ಲ, ಯಾರೂ ಬರಲಿಲ್ಲ. ಪಟ್ಟಿ ಗೋಡೆಯ ಮೇಲೆಯೇ ಇತ್ತು.

ಆಮೇಲೆ ಸುಸಾನ್ನಾಳ ಪತ್ರಗಳನ್ನೇ ಹುಡುಕಿ ಓದಿದೆ. ನನ್ನ ಪಕ್ಷಕ್ಕೆ ಸಾಕ್ಷಿ ಸಿಕ್ಕೀತು ಎಂಬ ಆಸೆಯಿಂದ ಓದಿದ್ದು; ಆದರೆ ಅವು ನನ್ನನ್ನೇ ಹಿಡಿದು ನಿಲ್ಲಿಸಿದವು. ತನ್ನ ಮನೆಯ ಕಟ್ಟಳೆಗಳನ್ನು ಅವಳು 1732ರ ಜುಲೈಯಲ್ಲಿ ಮಗ ಜಾನ್‌ಗೆ ಬರೆದು ತಿಳಿಸಿದ್ದಾಳೆ. ಬಹಳ ಬಿಗಿಯಾದ ತಾಯಿ ಅವಳು. ಬೆತ್ತವೂ ಇತ್ತು. ಇಂದು ನಾವು ಒಪ್ಪಲಾಗದ ಸಂಗತಿಗಳು ಆ ಪತ್ರದಲ್ಲಿವೆ, ಅವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಲ್ಲೇ ಇನ್ನೂ ಕೆಲವು ಕಟ್ಟಳೆಗಳಿವೆ. ತಪ್ಪು ಮಾಡಿದ ಮಗು ತಾನಾಗಿ ಒಪ್ಪಿಕೊಂಡರೆ ಹೊಡೆತವಿಲ್ಲ. ಒಂದೇ ತಪ್ಪಿಗೆ ಎರಡನೆಯ ಸಲ ಬೈಯುವಂತಿಲ್ಲ, ಆಮೇಲೆ ಅದನ್ನು ಎತ್ತಿ ಆಡುವಂತಿಲ್ಲ. ಹಗಲು ಬೈದದ್ದನ್ನು ಸಂಜೆ ದೇವರ ಮುಂದೆ ಮತ್ತೆ ಬೈಯುತ್ತಿದ್ದ ನಾನು ಆ ಸಾಲನ್ನು ದಾಟಿ ಮುಂದೆ ಓದಲು ಆಗದೆ ಪುಸ್ತಕ ಮುಚ್ಚಿದೆ.

ಇನ್ನೊಂದು ಸಂಗತಿ ಆ ಕೂಟದಲ್ಲಿ ಯಾರೂ ಹೇಳಿರಲಿಲ್ಲ. ವಾರದಲ್ಲಿ ಒಂದು ಸಂಜೆ ಪ್ರತಿ ಮಗುವಿಗೂ ಬೇರೆ ಬೇರೆಯಾಗಿ ಮೀಸಲು. ಆ ಹೊತ್ತಿನಲ್ಲಿ ಅವಳು ಆ ಒಂದು ಮಗುವಿನ ಜೊತೆ ಮಾತ್ರ ಕೂತು ಮಾತಾಡುತ್ತಿದ್ದಳು. ಜಾನ್‌ನದು ಗುರುವಾರ. ದೊಡ್ಡವನಾಗಿ ಆಕ್ಸ್‌ಫರ್ಡಿನಲ್ಲಿದ್ದಾಗಲೂ, ಆ ಗುರುವಾರದ ಸಂಜೆಯನ್ನು ನನಗೆ ಈಗಲೂ ಕೊಡು ಎಂದು ಅವನು ತಾಯಿಗೆ ಬರೆದ. ನಾನು ಅವಳ ವೇಳಾಪಟ್ಟಿಯನ್ನು ಮಾತ್ರ ಮನೆಗೆ ತಂದಿದ್ದೆ, ಗುರುವಾರವನ್ನು ತಂದಿರಲಿಲ್ಲ.

ಅವಳ ಮನೆಯಲ್ಲೂ ಆಮೆನ್ ಒಮ್ಮೆ ನಿಂತಿತ್ತು. ಗಂಡ ಸ್ಯಾಮ್ಯುಯೆಲ್ ಕುಟುಂಬ ಪ್ರಾರ್ಥನೆಯಲ್ಲಿ ಅರಸ ವಿಲಿಯಮ್‌ನಿಗಾಗಿ ಬೇಡಿಕೊಂಡಾಗ ಅವಳು ಆಮೆನ್ ಅನ್ನಲಿಲ್ಲ. ಅವನನ್ನು ನ್ಯಾಯವಾದ ಅರಸನೆಂದು ಅವಳ ಮನಸ್ಸು ಒಪ್ಪಿರಲಿಲ್ಲ. ಅದಕ್ಕೆ ಸಿಟ್ಟಾಗಿ ಸ್ಯಾಮ್ಯುಯೆಲ್ 1702ರಲ್ಲಿ ಹೆಂಡತಿಯನ್ನು ಬಿಟ್ಟು ತಿಂಗಳುಗಟ್ಟಲೆ ದೂರವಿದ್ದ. ಇಬ್ಬರೂ ಮತ್ತೆ ಒಂದಾದ ಮೇಲೆ, 1703ರಲ್ಲಿ, ಹುಟ್ಟಿದವನೇ ಜಾನ್. ಒಪ್ಪದ ಮನಸ್ಸಿನಿಂದ ಆಮೆನ್ ಹೊರಡಿಸಲು ಆ ಪಾದ್ರಿಗೂ ಆಗಲಿಲ್ಲ. ನನ್ನ ಮಗನದು ಹಟ ಎಂದು ನಾನು ತಿಳಿದದ್ದು ಅವನ ಪ್ರಾಮಾಣಿಕತೆ ಇರಬಹುದೆಂದು ಆಗ ಮೊದಲ ಸಲ ಅನ್ನಿಸಿತು.

ಗೋಡೆಯ ಮೇಲಿನ ವಚನವಿದ್ದ ಅಧ್ಯಾಯವನ್ನು ಮೊದಲಿನಿಂದ ಓದಿದ್ದೂ ಆಮೇಲೆಯೇ. ಕೊರಿಂಥದ ಸಭೆಯಲ್ಲಿ ಎಲ್ಲರೂ ಒಮ್ಮೆಗೇ ಮಾತಾಡುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು ಮಾತಾಡಿ, ಕೂತವನಿಗೆ ಏನಾದರೂ ಹೇಳುವುದಿದ್ದರೆ ಮಾತಾಡುತ್ತಿರುವವನು ಸುಮ್ಮನಾಗಲಿ ಎಂದು ಪೌಲ ತಿಳಿಸುತ್ತಾನೆ. ಅವನು ಕೇಳುವ ಕ್ರಮದಲ್ಲಿ ಇನ್ನೊಬ್ಬನ ಬಾಯಿಗೆ ಎಡೆ ಇದೆ. ನನ್ನ ಪಟ್ಟಿಯಲ್ಲಿ ಎಲ್ಲ ಕೆಲಸಕ್ಕೂ ಹೊತ್ತು ಇತ್ತು, ಮಗ ಮಾತಾಡುವುದಕ್ಕೆ ಇರಲಿಲ್ಲ.

ಅವನ ಹತ್ತಿರ ಹೋಗಿ ಕಣ್ಣು ತೆರೆದೇ ಕ್ಷಮೆ ಕೇಳಿದೆ. ‘ಇರ್ಲಿ ಬಿಡವ್ವಾ’ ಎಂದ, ಅಷ್ಟೇ. ಮಾತು ಬಂದದ್ದು ಬಹಳ ದಿನಗಳ ನಂತರ, ಸೂಪರ್ ಮಾರ್ಕೆಟ್ಟಿನಲ್ಲಿ ಕಾಯಿಪಲ್ಲೆ ಚೀಲ ಹೊತ್ತು ನನ್ನ ಜೊತೆ ನಡೆಯುವಾಗ. ಭೌತಶಾಸ್ತ್ರ ಅವನಿಗೆ ಹತ್ತುತ್ತಿರಲಿಲ್ಲ. ಟೆಸ್ಟಿನ ಅಂಕಗಳನ್ನು ಮುಚ್ಚಿಟ್ಟಿದ್ದ. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಬೆಳಿಗ್ಗೆ ಏಳಲಾಗುತ್ತಿರಲಿಲ್ಲ, ಹಾಗಾಗಿ ಹಾಸಿಗೆ ಮಡಚುತ್ತಿರಲಿಲ್ಲ. ನಾನು ದೇವರ ಮುಂದೆ ಟವೆಲ್ಲಿನ ದೂರು ಹೇಳುತ್ತಿದ್ದ ಸಂಜೆಗಳಲ್ಲಿ ನನ್ನ ಮಗ ಆ ಭಾರ ಹೊತ್ತು ಎದುರಿಗೇ ಕೂತಿರುತ್ತಿದ್ದ. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಈಗ ಮನೆಯಲ್ಲಿ ಪಟ್ಟಿ ಇಲ್ಲ, ಆದರೆ ಕೆಲವು ರೂಢಿಗಳಿವೆ. ಪಾತ್ರೆ ತೊಳೆಯದೆ ಯಾರೂ ಮಲಗುವುದಿಲ್ಲ. ನಾಲ್ವರೂ ಕೈ ಹಾಕುವುದರಿಂದ ಬೇಗ ಮುಗಿಯುತ್ತದೆ, ಮಾತೂ ಅಲ್ಲೇ ಆಗುತ್ತದೆ. ಕೀಲಿಗೆ ಮೊಳೆ ಇದೆ. ಬಿಲ್ಲುಗಳನ್ನು ಗಂಡ ನೋಡಿಕೊಳ್ಳುತ್ತಾರೆ. ಶನಿವಾರ ಸಂಜೆ ಮಗಳು ನಾಲ್ವರ ಬಟ್ಟೆ ಇಸ್ತ್ರಿ ಮಾಡುತ್ತಾಳೆ, ಮಗ ಚಪ್ಪಲಿ ಬೂಟು ಒರೆಸಿಡುತ್ತಾನೆ, ಬೈಬಲ್, ಗೀತೆ ಪುಸ್ತಕ, ಕಾಣಿಕೆ ಟೇಬಲ್ಲಿನ ಮೇಲೆ ಕೂಡುತ್ತವೆ. ಭಾನುವಾರದ ಸಮಾಧಾನವೆಲ್ಲ ಶನಿವಾರದ ಆ ಒಂದು ತಾಸಿನಲ್ಲಿದೆ. ಹೊಸದಾಗಿ ಸಂಸಾರ ಹೂಡಿದವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ವಾರದ ಸಂತೆಯ ದಿನ ಮಗನದು ಮತ್ತು ನನ್ನದು. ಮಗಳಿಗೆ ಅವಳ ದಿನ ಬೇರೆ ಇದೆ. ಗಂಡ ಮಗನನ್ನು ಕರೆದುಕೊಂಡು ಆಗಾಗ ಕೆಲಗೇರಿ ಕೆರೆಯ ಕಡೆ ನಡೆದು ಬರುತ್ತಾರೆ. ಅಲ್ಲಿ ಏನು ಮಾತಾದವು ಎಂದು ನಾನು ಕೇಳುವುದಿಲ್ಲ.

ಪ್ರಾರ್ಥನೆ ಮತ್ತೆ ಶುರುವಾಗಿದೆ, ಬಹಳ ಸಣ್ಣದಾಗಿ. ಒಂದು ಕೀರ್ತನೆ ಓದುತ್ತೇವೆ. ಹೇಳಬೇಕೆನಿಸಿದವರು ತಮ್ಮ ಬಗ್ಗೆ ಒಂದು ಮಾತು ಹೇಳುತ್ತಾರೆ, ಬೇಡವೆನಿಸಿದವರು ಸುಮ್ಮನಿರುತ್ತಾರೆ. ಆಮೇಲೆ ಕರ್ತನ ಪ್ರಾರ್ಥನೆ. ಅಲ್ಲಿ ಕೂತಿರುವ ಯಾರ ತಪ್ಪನ್ನೂ ನಾನು ಬಾಯಿಬಿಟ್ಟು ಪ್ರಾರ್ಥಿಸುವುದಿಲ್ಲ. ಇದು ಸುಲಭವಲ್ಲ. ಸಿಟ್ಟು ಬಂದ ದಿನ ನಾಲಿಗೆ ಆ ಕಡೆಗೇ ಹೊರಳುತ್ತದೆ, ಆಗ ಕೀರ್ತನೆ ಓದುವುದನ್ನು ಮಗಳಿಗೆ ಒಪ್ಪಿಸಿ ನಾನು ಕೇಳುತ್ತಾ ಕೂರುತ್ತೇನೆ.

ಮಗ ಈಗ ವಾಣಿಜ್ಯ ಓದುತ್ತಿದ್ದಾನೆ. ಕೆಲವು ಸಂಜೆ ಪ್ರಾರ್ಥನೆಗೆ ಬರುತ್ತಾನೆ, ಕೆಲವು ಸಂಜೆ ಬರುವುದಿಲ್ಲ. ಕೋಣೆಯ ಬಾಗಿಲಿಗೆ ಹೋಗಿ ಕರೆಯಬೇಕು, ಕರೆಯುವುದು ತಂದೆ ತಾಯಿಯ ಕರ್ತವ್ಯ ಎಂಬುದು ಗಂಡನ ಮಾತು. ಹೊತ್ತು ಅವನಿಗೆ ಗೊತ್ತಿದೆ, ತಾನಾಗಿ ಬರಲಿ ಎಂಬುದು ನನ್ನದು. ಈ ಒಂದು ವಿಷಯದಲ್ಲಿ ನಾವಿಬ್ಬರೂ ಇನ್ನೂ ಒಮ್ಮತಕ್ಕೆ ಬಂದಿಲ್ಲ.